ಇಪ್ಪತ್ತು ಗಂಟೆಯ ನಿಯಮ ಯಾರ ಹಿತಕ್ಕೆ?

ಅಮೆರಿಕಕ್ಕೆ ಎಂಎಸ್ ಓದಲು ಹೊರಟವರಿಗೆ ನಮ್ಮಲ್ಲಿ ಎಲ್ಲರೂ ತಪ್ಪದೆ ಹೇಳುವ ಮಾತೊಂದಿದೆ: ‘ಹೋಗ್ತಿರೋದು ಓದೋಕೆ, ದುಡಿಯೋಕಲ್ಲ.’ ಕನ್ಸಲ್ಟೆನ್ಸಿಯವರು ಇದನ್ನು ಹೇಳುತ್ತಾರೆ. ಫೀಸು ಕಟ್ಟಿಸಿಕೊಳ್ಳುವ ಮುಂಚೆ ‘ಖರ್ಚಿಗೆ ಕ್ಯಾಂಪಸ್ ಜಾಬ್ ಇದ್ದೇ ಇರುತ್ತೆ ಸರ್’ ಎಂದಿದ್ದವರೂ ಅವರೇ. ಎಂಬತ್ತರ ದಶಕದಲ್ಲಿ ಹೋಗಿ ಅಲ್ಲೇ ನೆಲೆಸಿದ ದೊಡ್ಡಪ್ಪಂದಿರು ರಜೆಗೆ ಬಂದಾಗ ಹೇಳುತ್ತಾರೆ. ವಿಶ್ವವಿದ್ಯಾಲಯದ ಓರಿಯೆಂಟೇಶನ್ನಿನಲ್ಲಿ ವಿದೇಶಿ ವಿದ್ಯಾರ್ಥಿಗಳ ಕಚೇರಿಯವರು ಇದನ್ನೇ ಇನ್ನಷ್ಟು ಮೃದುವಾಗಿ ಹೇಳುತ್ತಾರೆ: ತರಗತಿ ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ, ಅದೂ ಕ್ಯಾಂಪಸ್ಸಿನೊಳಗೇ, ಇದೆಲ್ಲ ನಿಮ್ಮ ಓದು ಕೆಡದಿರಲಿ ಎಂದು. ಕೇಳಿದವರು ತಲೆಯಾಡಿಸುತ್ತಾರೆ. ಯಾವನೋ ಹುಡುಗ ನಿಯಮ ಮೀರಿ ಗ್ಯಾಸ್ ಸ್ಟೇಷನ್ನಿನ ಕೌಂಟರಿನಲ್ಲಿ ನಿಂತು ಸಿಕ್ಕಿಬಿದ್ದ ಸುದ್ದಿ ಬಂದರೆ ಮರುಕಕ್ಕಿಂತ ಮೊದಲು ಬಾಯಿಗೆ ಬರುವುದು ‘ಬೇಕಿತ್ತಾ ಇವನಿಗೆ?’

ಈ ಇಪ್ಪತ್ತು ಗಂಟೆಯ ಮಿತಿಗೂ ಓದಿಗೂ ಇರುವ ನಂಟು ಬಹಳ ತೆಳುವಾದದ್ದು. ಅದು ಅಮೆರಿಕ ತನ್ನ ಉದ್ಯೋಗ ಮಾರುಕಟ್ಟೆಯನ್ನು ಕಾಯ್ದುಕೊಳ್ಳಲು ಮಾಡಿಕೊಂಡ ನಿಯಮ. ಮಾಡಿಕೊಳ್ಳುವ ಹಕ್ಕು ಆ ದೇಶಕ್ಕಿದೆ, ಅದಕ್ಕೆ ತಕರಾರಿಲ್ಲ. ತಕರಾರಿರುವುದು ಅದನ್ನು ನಮ್ಮ ಮಕ್ಕಳ ಮೇಲಿನ ಕಾಳಜಿ ಎಂದು ತೋರಿಸುವುದಕ್ಕೆ, ಮತ್ತು ನಾವು ಅದನ್ನು ನಂಬಿ ಅದೇ ನೀತಿಪಾಠವನ್ನು ಮಕ್ಕಳಿಗೆ ಒಪ್ಪಿಸುವುದಕ್ಕೆ.

ಮೊದಲು ನಿಯಮವನ್ನೇ ನೋಡೋಣ. ಎಫ್-1 ಎಂಬ ವಿದ್ಯಾರ್ಥಿ ವೀಸಾದವರ ಕ್ಯಾಂಪಸ್ ಕೆಲಸದ ಬಗ್ಗೆ ಅಮೆರಿಕದ ವಲಸೆ ನಿಯಮಾವಳಿಯಲ್ಲಿರುವ ಭಾಗ ದೊಡ್ಡದೇನಲ್ಲ. ಕೆಲಸ ಕ್ಯಾಂಪಸ್ಸಿನಲ್ಲಿ ಅಥವಾ ಅದಕ್ಕೆ ಶೈಕ್ಷಣಿಕವಾಗಿ ಸೇರಿದ ಜಾಗದಲ್ಲಿರಬೇಕು, ತರಗತಿಗಳ ಕಾಲದಲ್ಲಿ ವಾರಕ್ಕೆ 20 ಗಂಟೆ ಮೀರಬಾರದು, ರಜೆಯಲ್ಲಿ ಪೂರ್ತಿ ಹೊತ್ತು ಮಾಡಬಹುದು. ಇವುಗಳ ಜೊತೆಗೆ ಇನ್ನೊಂದು ಷರತ್ತಿದೆ: ಆ ಕೆಲಸದಿಂದ ಅಮೆರಿಕದ ನಿವಾಸಿಯೊಬ್ಬನ ಕೆಲಸ ಹೋಗಬಾರದು. ನಿಯಮದ ಮನಸ್ಸು ಎಲ್ಲಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಓದನ್ನು ಕಾಯುವ ನಿಯಮಗಳೂ ಇವೆ, ಅವು ಬೇರೆಡೆ ಇವೆ. ಪದವಿ ವಿದ್ಯಾರ್ಥಿ ಸೆಮಿಸ್ಟರಿಗೆ ಕನಿಷ್ಠ 12 ಕ್ರೆಡಿಟ್ ತೆಗೆದುಕೊಳ್ಳಲೇಬೇಕು. ಎಂಎಸ್‌ನವರಿಗೆ ಪೂರ್ಣ ಹೊರೆ ಎಷ್ಟೆಂದು ವಿಶ್ವವಿದ್ಯಾಲಯ ನಿಗದಿ ಮಾಡುತ್ತದೆ. ಅಂಕ ಕುಸಿದರೆ ಪ್ರೊಬೇಷನ್, ಮತ್ತೂ ಕುಸಿದರೆ ಸೀಟೇ ಹೋಗುತ್ತದೆ, ಸೀಟಿನ ಜೊತೆ ವೀಸಾ. ಓದು ಕೆಟ್ಟರೆ ಹಿಡಿಯಲು ಇಷ್ಟು ಬಿಗಿಯಾದ ವ್ಯವಸ್ಥೆ ಇರುವಾಗ ಗಂಟೆ ಎಣಿಸುವ ಮತ್ತೊಂದು ನಿಯಮ ಓದಿಗಾಗಿಯೇ ಇದೆ ಎಂದು ನಂಬುವುದು ಕಷ್ಟ.

ಪಕ್ಕದ ಬೆಂಚಿನ ಅಮೆರಿಕನ್ ಹುಡುಗನನ್ನು ನೋಡಿ. ಅದೇ ಪಾಠ, ಅದೇ ಪರೀಕ್ಷೆ. ಅವನು ಬೆಳಿಗ್ಗೆ ಕ್ಯಾಂಪಸ್ ಲೈಬ್ರರಿಯಲ್ಲಿ ಕೂತು, ಸಂಜೆ ಊರಿನ ಪಿಜ್ಜಾ ಅಂಗಡಿಯಲ್ಲಿ ದುಡಿದು ವಾರಕ್ಕೆ ನಲವತ್ತು ಗಂಟೆ ಮಾಡಿದರೂ ಕಾನೂನು ಅವನನ್ನು ತಡೆಯುವುದಿಲ್ಲ. ಹೆಚ್ಚು ದುಡಿದರೆ ಓದು ಕೆಡುತ್ತದೆ ಎಂಬುದು ನಿಜವಾದರೆ ಅದು ಅವನಿಗೂ ನಿಜ. ಅವನ ಓದಿನ ಬಗ್ಗೆ ಸರ್ಕಾರಕ್ಕೆ ಕಾಳಜಿಯಿಲ್ಲ, ದಾವಣಗೆರೆಯಿಂದ ಹೋದವನ ಓದಿನ ಬಗ್ಗೆ ಮಾತ್ರ ಇದೆ ಎಂದರೆ ಆ ಕಾಳಜಿಯನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕಾಗುತ್ತದೆ. ನಮ್ಮವರ ಲೆಕ್ಕವಂತೂ ಎಷ್ಟು ಕಟ್ಟುನಿಟ್ಟೆಂದರೆ ಒಂದು ವಾರ 15 ಗಂಟೆ ಮಾಡಿ ಮುಂದಿನ ವಾರ 25 ಮಾಡಿದರೆ ಸರಾಸರಿ ಇಪ್ಪತ್ತಾಯಿತಲ್ಲ ಎಂದು ವಾದಿಸುವಂತಿಲ್ಲ. ಎರಡನೇ ವಾರ ಉಲ್ಲಂಘನೆಯೇ. ಡೈನಿಂಗ್ ಹಾಲಿನಲ್ಲಿ ಹನ್ನೆರಡು ಗಂಟೆ, ಲೈಬ್ರರಿಯಲ್ಲಿ ಒಂಬತ್ತು ಗಂಟೆ ಮಾಡಿದರೂ ಉಲ್ಲಂಘನೆಯೇ.

ಇನ್ನೂ ವಿಚಿತ್ರವೆಂದರೆ ಸಿಪಿಟಿ, ಅಂದರೆ ಪಠ್ಯಕ್ರಮದ ಭಾಗವಾಗಿ ಸಿಗುವ ಕೆಲಸದ ತರಬೇತಿ. ಕೋರ್ಸಿನ ಭಾಗವೆಂದು ವಿಶ್ವವಿದ್ಯಾಲಯ ಒಪ್ಪಿದರೆ ಇದೇ ವಿದ್ಯಾರ್ಥಿ ಹೊರಗಿನ ಕಂಪನಿಯೊಂದರಲ್ಲಿ ವಾರಕ್ಕೆ 40 ಗಂಟೆ ತರಬೇತಿ ಕೆಲಸ ಮಾಡಬಹುದು, ಸೆಮಿಸ್ಟರ್ ನಡೆಯುತ್ತಿರುವಾಗಲೇ. ಪೂರ್ಣಾವಧಿ ಸಿಪಿಟಿ ಹನ್ನೆರಡು ತಿಂಗಳು ಮುಟ್ಟಿದರೆ ಆ ಹಂತದ ಒಪಿಟಿ (ಸಾಮಾನ್ಯವಾಗಿ ಓದಿನ ನಂತರ ದುಡಿಯಲು ಸಿಗುವ ಅನುಮತಿ) ಹೋಗುತ್ತದೆ, ಅಷ್ಟೆ. ಅಂದರೆ ಕಂಪನಿಗೆ ಕೋಡ್ ಬರೆಯುತ್ತ ನಲವತ್ತು ಗಂಟೆ ಕಳೆದರೆ ಓದಿಗೆ ಪೂರಕ, ಕ್ಯಾಂಪಸ್ ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತ ಇಪ್ಪತ್ತೊಂದನೇ ಗಂಟೆಗೆ ಕಾಲಿಟ್ಟರೆ ಓದಿಗೆ ಮಾರಕ! ಓದಿನ ಹೊತ್ತನ್ನು ತಿನ್ನುವುದರಲ್ಲಿ ಈ ಎರಡಕ್ಕೂ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಆ ಕೆಲಸ ಯಾರಿಗೆ ಬೇಕಾಗಿದೆ ಎಂಬುದರಲ್ಲಿ.

ಬೇಕಾದಾಗ ಈ ಮಿತಿಯನ್ನು ಸಲೀಸಾಗಿ ಸಡಿಲಿಸಿದ್ದೂ ಉಂಟು. 1998ರಲ್ಲಿ ಏಷ್ಯಾದ ಹಣಕಾಸು ಬಿಕ್ಕಟ್ಟಿನ ನಂತರ ಇಂಡೋನೇಷ್ಯಾ, ದಕ್ಷಿಣ ಕೊರಿಯಾ, ಮಲೇಷ್ಯಾ, ಥಾಯ್ಲೆಂಡ್, ಫಿಲಿಪೈನ್ಸ್‌ ವಿದ್ಯಾರ್ಥಿಗಳಿಗೆ ಅಮೆರಿಕ 20 ಗಂಟೆಯ ನಿಯಮದಿಂದ ವಿನಾಯಿತಿ ಕೊಟ್ಟಿತು. ಭೂಕಂಪದ ನಂತರ 2010ರಲ್ಲಿ ಹೈಟಿಯವರಿಗೆ, 2015ರಲ್ಲಿ ನೇಪಾಳದವರಿಗೆ, ಯುದ್ಧದ ಕಾರಣಕ್ಕೆ 2022ರಲ್ಲಿ ಉಕ್ರೇನಿನವರಿಗೆ ಇಂಥದೇ ವಿನಾಯಿತಿ ಸಿಕ್ಕಿತು. ಒಳ್ಳೆಯ ಕೆಲಸವೇ, ಮಾನವೀಯವಾದದ್ದೇ. ಆದರೆ ಆ ವಿನಾಯಿತಿಯ ಒಳಗಿರುವುದನ್ನು ಗಮನಿಸಿ: ಹೆಚ್ಚು ಗಂಟೆ ದುಡಿಯುವವರು ಕೋರ್ಸಿನ ಹೊರೆಯನ್ನು ಕಡಿಮೆ ಮಾಡಿಕೊಳ್ಳಬಹುದು, ಪದವಿ ವಿದ್ಯಾರ್ಥಿಗೆ ಆರು ಕ್ರೆಡಿಟ್, ಸ್ನಾತಕೋತ್ತರದವರಿಗೆ ಮೂರು ಕ್ರೆಡಿಟ್ ಸಾಕು. ಮನೆಯಿಂದ ಹಣ ಬರದೆ ಹೋದಾಗ ದುಡಿಮೆ ಓದಿನ ಶತ್ರುವಲ್ಲ, ಓದು ಉಳಿಯುವ ದಾರಿ ಎಂದು ಆ ಸರ್ಕಾರಕ್ಕೇ ಗೊತ್ತಿದೆ ಎಂದಾಯಿತು. ಅಪ್ಪನ ಅಂಗಡಿ ಮುಚ್ಚಿದಾಗ, ಅಡಿಕೆ ತೋಟಕ್ಕೆ ಕೊಳೆರೋಗ ಬಂದಾಗ ಮಾತ್ರ ಅದು ಮರೆತುಹೋಗುತ್ತದೆ, ಯಾಕೆಂದರೆ ಒಂದು ಮನೆ ಮುಳುಗಿದರೆ ಅದು ರಾಷ್ಟ್ರೀಯ ವಿಪತ್ತಲ್ಲ.

ಬೇರೆ ದೇಶಗಳ ಕಥೆ ಇನ್ನೂ ಸ್ಪಷ್ಟ. ಆಸ್ಟ್ರೇಲಿಯಾದಲ್ಲಿ ಎರಡು ವಾರಕ್ಕೆ 40 ಗಂಟೆಯ ಮಿತಿಯಿತ್ತು. ಕೋವಿಡ್ ನಂತರ ಕೆಲಸಗಾರರು ಸಿಗದಾದಾಗ 2022ರ ಜನವರಿಯಲ್ಲಿ ಅದನ್ನು ತೆಗೆದೇಬಿಟ್ಟರು. ಕೊರತೆ ನೀಗುತ್ತ ಬಂದಂತೆ 2023ರ ಜುಲೈ 1ರಿಂದ 48 ಗಂಟೆಯ ಮಿತಿ ತಂದರು. ಕೆನಡಾ 2022ರ ನವೆಂಬರಿನಲ್ಲಿ ಕ್ಯಾಂಪಸ್ ಹೊರಗಿನ 20 ಗಂಟೆಯ ಮಿತಿಯನ್ನು ಎತ್ತಿತು. ಕಾರಣವನ್ನು ಮುಚ್ಚಿಡಲಿಲ್ಲ, ಕೆಲಸಗಾರರ ಕೊರತೆ ಎಂದೇ ಹೇಳಿತು. 2024ರ ಏಪ್ರಿಲ್ ಕೊನೆಗೆ ಆ ಸಡಿಲಿಕೆ ಮುಗಿಯಿತು, ಅದೇ ವರ್ಷ ನವೆಂಬರಿನಲ್ಲಿ 24 ಗಂಟೆ ಎಂದಾಯಿತು. 2022ರಲ್ಲಿ ವಿದ್ಯಾರ್ಥಿಗಳ ಮೆದುಳು ಹಠಾತ್ತನೆ ಚುರುಕಾಗಿ, 2024ರಲ್ಲಿ ಮತ್ತೆ ಮಂದವಾಯಿತೇ? ಹೋಟೆಲು, ಗೋದಾಮುಗಳಿಗೆ ಕೈ ಬೇಕಿದ್ದಾಗ ಓದಿನ ಚಿಂತೆ ಯಾರನ್ನೂ ಕಾಡಲಿಲ್ಲ. ಮತ್ತೊಂದು ಸಂಗತಿ: ಕೆನಡಾದಲ್ಲಿ ಕ್ಯಾಂಪಸ್ಸಿನ ಒಳಗಿನ ಕೆಲಸಕ್ಕೆ ಗಂಟೆಯ ಮಿತಿಯೇ ಇಲ್ಲ. ಅದರಿಂದ ಟೊರಾಂಟೊ, ಮೆಕ್‌ಗಿಲ್ ವಿಶ್ವವಿದ್ಯಾಲಯಗಳ ಮಟ್ಟ ಕುಸಿಯಿತೆಂದು ಯಾರೂ ದೂರಿದ್ದನ್ನು ನಾನು ಕೇಳಿಲ್ಲ.

ಇನ್ನು ಕ್ಯಾಂಪಸ್ ಎಂಬ ಗೆರೆಗೆ ಬರೋಣ. ವಿದ್ಯಾರ್ಥಿ ಭವನದೊಳಗೆ ಒಂದು ಸ್ಟಾರ್‌ಬಕ್ಸ್ ಇದೆ ಎಂದಿಟ್ಟುಕೊಳ್ಳಿ. ಅಲ್ಲಿ ಕಾಫಿ ಕೊಡುವುದು ವಿದ್ಯಾರ್ಥಿಗಳಿಗೆ ಸೇವೆ, ಆದ್ದರಿಂದ ನಮ್ಮ ಹುಡುಗಿ ಅಲ್ಲಿ ನಿಲ್ಲಬಹುದು. ಗೇಟಿನಾಚೆ ರಸ್ತೆ ದಾಟಿದರೆ ಇನ್ನೊಂದು ಸ್ಟಾರ್‌ಬಕ್ಸ್, ಗಂಟೆಗೆ ಎರಡು ಡಾಲರ್ ಹೆಚ್ಚು ಕೊಡುತ್ತಾರೆ. ಅಲ್ಲಿ ಒಂದು ಗಂಟೆ ನಿಂತರೂ ಅಕ್ರಮ. ಅದೇ ಲೋಟ, ಅದೇ ಕಾಫಿ. ಕ್ಯಾಂಪಸ್ಸಿನೊಳಗೇ ಹೊಸ ಹಾಸ್ಟೆಲ್ ಕಟ್ಟುವ ಗುತ್ತಿಗೆದಾರನ ಹತ್ತಿರವೂ ಕೆಲಸ ಮಾಡುವಂತಿಲ್ಲ, ಅದು ವಿದ್ಯಾರ್ಥಿಗಳಿಗೆ ನೇರ ಸೇವೆಯಲ್ಲ. ಓದಿನ ಹಿತ ನೋಡುವ ನಿಯಮಕ್ಕೆ ರಸ್ತೆಯ ಯಾವ ಬದಿ ಎಂಬುದು ಯಾಕೆ ಮುಖ್ಯವಾಗಬೇಕು? ಮುಖ್ಯವಾಗುವುದು ಸಂಬಳ ಕೊಡುವವರಿಗೆ. ಕ್ಯಾಂಪಸ್ ಊಟದ ಗುತ್ತಿಗೆ ಹಿಡಿದಿರುವ ಅರಾಮಾರ್ಕ್, ಸೊಡೆಕ್ಸೊದಂಥ ಕಂಪನಿಗಳಿಗೆ, ವಿಶ್ವವಿದ್ಯಾಲಯಗಳಿಗೆ, ಬೇರೆಲ್ಲೂ ಹೋಗಲಾಗದ ಕೆಲಸಗಾರರ ಒಂದು ದಂಡೇ ಸಿಗುತ್ತದೆ. ‘ಇಷ್ಟು ಕೊಡದಿದ್ದರೆ ಬೇರೆಡೆ ಹೋಗುತ್ತೇನೆ’ ಎನ್ನಬಲ್ಲ ಕೆಲಸಗಾರ ಒಬ್ಬ, ಎನ್ನಲಾಗದವನು ಇನ್ನೊಬ್ಬ. ಸಂಬಳ ನಿಗದಿ ಮಾಡುವವರಿಗೆ ಈ ಅಂತರ ಚೆನ್ನಾಗಿ ಗೊತ್ತು.

ಕ್ಯಾಂಪಸ್ಸಿನೊಳಗಿನ ಕೆಲಸಗಾರರಲ್ಲೂ ನಮ್ಮವರದು ಕಡೆಯ ಸಾಲು. 1964ರ ಕಾನೂನಿನಿಂದ ಹುಟ್ಟಿದ ಫೆಡರಲ್ ವರ್ಕ್-ಸ್ಟಡಿ ಯೋಜನೆಯಲ್ಲಿ ವಿದ್ಯಾರ್ಥಿಯ ಕ್ಯಾಂಪಸ್ ಸಂಬಳದಲ್ಲಿ ಸಾಮಾನ್ಯವಾಗಿ ಶೇ 75ರವರೆಗೆ ಕೇಂದ್ರ ಸರ್ಕಾರ ಭರಿಸುತ್ತದೆ. ವಿದೇಶಿ ವಿದ್ಯಾರ್ಥಿಗಳು ಅದಕ್ಕೆ ಅರ್ಹರಲ್ಲ. ಲೈಬ್ರರಿ ಡೆಸ್ಕಿಗೆ ಯಾರನ್ನು ತೆಗೆದುಕೊಳ್ಳಬೇಕೆಂದು ಯೋಚಿಸುವ ಮೇಲ್ವಿಚಾರಕನಿಗೆ ಒಬ್ಬ ಕಾಲು ಸಂಬಳಕ್ಕೆ ಸಿಗುತ್ತಾನೆ, ಇನ್ನೊಬ್ಬನಿಗೆ ಪೂರ್ತಿ ಕೊಡಬೇಕು. ಒಳ್ಳೆಯ ಡೆಸ್ಕ್ ಕೆಲಸಗಳು ಯಾರ ಪಾಲಾಗುತ್ತವೆ, ರಾತ್ರಿ ಪಾಳಿಯ ಪಾತ್ರೆ ಯಾರ ಪಾಲಿಗೆ ಉಳಿಯುತ್ತದೆ ಎಂದು ವಿವರಿಸಬೇಕಿಲ್ಲ.

ಟಿಎ, ಆರ್‌ಎ (ಬೋಧನೆ, ಸಂಶೋಧನೆಯ ಸಹಾಯಕ ಹುದ್ದೆ) ಸಿಕ್ಕವರನ್ನು ಅದೃಷ್ಟವಂತರು ಎನ್ನುತ್ತೇವೆ. ಶುಲ್ಕ ಮಾಫಿಯಾಗುವುದರಿಂದ ಅದು ನಿಜವೂ ಹೌದು. ಆದರೆ ಅರ್ಧ ನೇಮಕಾತಿ ಎಂದರೆ ಕಾಗದದ ಮೇಲೆ ಸರಿಯಾಗಿ 20 ಗಂಟೆ. ಹಾಗಾಗಿ ಆ ಸ್ಟೈಪೆಂಡ್ ಸಾಲದೆ ಹೋದರೆ ಇನ್ನೊಂದು ಗಂಟೆಯನ್ನೂ ಬೇರೆಡೆ ದುಡಿಯುವಂತಿಲ್ಲ. ಅಮೆರಿಕನ್ ಸಹಪಾಠಿ ದುಡಿಯಬಹುದು. ಇನ್ನೂರು ಉತ್ತರಪತ್ರಿಕೆ ತಿದ್ದಿ, ಲ್ಯಾಬ್ ನಡೆಸಿ, ಆ ವಾರ ಮೂವತ್ತು ಗಂಟೆ ಹಿಡಿದಿದ್ದರೆ? ಹೆಚ್ಚಿನ ಹತ್ತು ಗಂಟೆ ಯಾವ ಹಾಳೆಯಲ್ಲೂ ಬರುವುದಿಲ್ಲ, ಬರುವಂತೆಯೂ ಇಲ್ಲ, ಬಂದರೆ ಸಿಕ್ಕಿಬೀಳುವುದು ವಿದ್ಯಾರ್ಥಿಯೇ. ನಿಯಮ ಸಂಬಳಕ್ಕೆ ಮಿತಿ ಹಾಕುತ್ತದೆ, ದುಡಿಸಿಕೊಳ್ಳುವುದಕ್ಕಲ್ಲ. 2022ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ 48,000 ಶೈಕ್ಷಣಿಕ ಕೆಲಸಗಾರರು ಮುಷ್ಕರ ಹೂಡಿದ್ದು ಸುಮ್ಮನೆ ಅಲ್ಲ. ವಿದೇಶಿ ವಿದ್ಯಾರ್ಥಿಗಳ ಮೇಲೆ ಬೀಳುವ ಹೆಚ್ಚುವರಿ ಶುಲ್ಕವೂ ಅಲ್ಲಿನ ಬೇಡಿಕೆಗಳ ಪಟ್ಟಿಯಲ್ಲಿತ್ತು.

ಈಗ ಎದುರು ಪಕ್ಷದ ಗಟ್ಟಿ ವಾದ. ‘ವೀಸಾಕ್ಕೆ ಬೇಕಾದ ಐ-20 ಪತ್ರ ಪಡೆಯುವಾಗಲೇ ಹಣ ಇದೆ ಎಂದು ತೋರಿಸಿರುತ್ತಾರಲ್ಲ? ಬ್ಯಾಂಕ್ ಪತ್ರ ಕೊಟ್ಟು, ಸಹಿ ಹಾಕಿ, ಆಮೇಲೆ ಹಣ ಸಾಲದು ಎಂದು ಅಳುವುದು ಯಾವ ನ್ಯಾಯ?’ ಇದಕ್ಕೆ ಉತ್ತರ ಕೊಡಲೇಬೇಕು. ಹೌದು, ತೋರಿಸಿರುತ್ತಾರೆ, ಮೊದಲ ವರ್ಷದ ಹಣವನ್ನು. ಉಳಿದದ್ದಕ್ಕೆ ನಂಬಬಹುದಾದ ಏರ್ಪಾಡನ್ನು. ಆ ಏರ್ಪಾಡು ರೂಪಾಯಿಯಲ್ಲಿರುತ್ತದೆ, ಶುಲ್ಕ ಡಾಲರಿನಲ್ಲಿ. 2021ರ ಆಗಸ್ಟಿನಲ್ಲಿ ವಿಮಾನ ಹತ್ತಿದವನ ಮನೆಯವರು ಡಾಲರಿಗೆ 74 ರೂಪಾಯಿಯ ಆಸುಪಾಸಿನಲ್ಲಿ ಲೆಕ್ಕ ಹಾಕಿದ್ದರು. ಎರಡು ವರ್ಷ ಕಳೆಯುವುದರೊಳಗೆ ಅದು 82 ದಾಟಿತ್ತು. ಇಪ್ಪತ್ತು ಸಾವಿರ ಡಾಲರ್ ಕಳಿಸಬೇಕಾದ ಮನೆಗೆ ಇದೊಂದರಿಂದಲೇ ಒಂದು ಲಕ್ಷ ಅರವತ್ತು ಸಾವಿರದ ಹೆಚ್ಚಿನ ಹೊರೆ. ಸೈಟನ್ನೋ ತೋಟವನ್ನೋ ಅಡವಿಟ್ಟು ತಂದ ಸಾಲದ ಮೇಲೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಇದರಲ್ಲಿ ಸುಳ್ಳು ಹೇಳಿದವರು ಯಾರು?

ಕಾನೂನಿಗೂ ಇದು ಗೊತ್ತು. ಕರೆನ್ಸಿಯ ಬೆಲೆ ತೀರ ಏರುಪೇರಾದರೆ, ಸಹಾಯಧನ ನಿಂತರೆ, ಆಸ್ಪತ್ರೆ ಬಿಲ್ಲು ಬಂದರೆ, ಮನೆಯ ಆದಾಯ ಕೈಕೊಟ್ಟರೆ ಕ್ಯಾಂಪಸ್ ಹೊರಗೆ ದುಡಿಯಲು ಅನುಮತಿ ಕೇಳಬಹುದು. ಕಷ್ಟ ಅನಿರೀಕ್ಷಿತವೆಂದು ಸಾಬೀತು ಮಾಡಬೇಕು, ಓದಿಗೆ ಅಡ್ಡಿಯಾಗದೆಂದು ತೋರಿಸಬೇಕು, ಒಂದು ಪೂರ್ತಿ ಶೈಕ್ಷಣಿಕ ವರ್ಷ ಮುಗಿಸಿರಬೇಕು, ಐ-765 ಅರ್ಜಿ ಹಾಕಿ ಕಾಯಬೇಕು. ಎರಡು ವರ್ಷದ ಎಂಎಸ್‌ನಲ್ಲಿ ಮೊದಲ ವರ್ಷ ಹೀಗೆ ಹೋಯಿತು, ಕಾಯುವುದರಲ್ಲಿ ಇನ್ನೊಂದು ಸೆಮಿಸ್ಟರ್ ಹೋಗುತ್ತದೆ. ಅಲ್ಲಿಯವರೆಗೆ ಊಟ ಮಾಡಬೇಡವೇ?

ಇಪ್ಪತ್ತು ಗಂಟೆಯಿಂದ ಏನು ಬರುತ್ತದೆ ಎಂಬ ಲೆಕ್ಕವನ್ನೂ ಹಾಕಿಬಿಡೋಣ. ಅಮೆರಿಕದ ಕೇಂದ್ರ ಕನಿಷ್ಠ ವೇತನ ಗಂಟೆಗೆ 7.25 ಡಾಲರ್. 2009ರ ಜುಲೈಯಿಂದ ಅದು ಕದಲಿಲ್ಲ. ನಮ್ಮ ಹುಡುಗರು ಗುಂಪುಗುಂಪಾಗಿ ಹೋಗುವ ಟೆಕ್ಸಸ್‌ನಲ್ಲಿ ರಾಜ್ಯದ್ದೇ ಆದ ಹೆಚ್ಚಿನ ದರವಿಲ್ಲ. ಅದರಂತೆ ವಾರಕ್ಕೆ 145 ಡಾಲರ್, ಹದಿನೈದು ವಾರದ ಸೆಮಿಸ್ಟರಿಗೆ 2,175. ದುಪ್ಪಟ್ಟು ಕೊಡುತ್ತಾರೆಂದೇ ಇಟ್ಟುಕೊಂಡರೂ 4,350. ವಿದೇಶಿಯರಿಗೆ ಹಲವು ಕಡೆ ಒಂದು ಸೆಮಿಸ್ಟರಿನ ಶುಲ್ಕವೇ ಹತ್ತು ಸಾವಿರ ಡಾಲರ್ ದಾಟುತ್ತದೆ. ಆ ಸಂಬಳವೂ ಕೆಲಸ ಸಿಕ್ಕರೆ ಮಾತ್ರ. ಆಗಸ್ಟಿನಲ್ಲಿ ಇಳಿದವರು ಕೆಲಸದ ಪತ್ರ ಹಿಡಿದು ಸೋಷಿಯಲ್ ಸೆಕ್ಯೂರಿಟಿ ನಂಬರಿಗೆ ಅಲೆದು ಕೈಗೆ ಮೊದಲ ಸಂಬಳ ಬರುವಷ್ಟರಲ್ಲಿ ಎಲೆ ಉದುರಲು ಶುರುವಾಗಿರುತ್ತದೆ. ರಜೆಯಲ್ಲಿ ನಲವತ್ತು ಗಂಟೆ ಮಾಡಬಹುದಲ್ಲ ಎನ್ನುತ್ತಾರೆ. ರಜೆಯಲ್ಲಿ ವಿದ್ಯಾರ್ಥಿಗಳೇ ಇರುವುದಿಲ್ಲ, ಅರ್ಧ ಡೈನಿಂಗ್ ಹಾಲು ಬಾಗಿಲು ಹಾಕಿರುತ್ತದೆ!

ಹೀಗೆ ಕಾನೂನಿನ ಬಾಗಿಲು ಇಷ್ಟು ಕಿರಿದಾದಾಗ ಜನ ಎಲ್ಲಿ ನುಗ್ಗುತ್ತಾರೆ? ಗ್ಯಾಸ್ ಸ್ಟೇಷನ್ನಿಗೆ, ಮೋಟೆಲಿಗೆ, ಇಂಡಿಯನ್ ರೆಸ್ಟೋರೆಂಟಿನ ಹಿಂಬಾಗಿಲಿಗೆ. ಕೈಗೆ ನಗದು, ಲೆಕ್ಕವಿಲ್ಲ. ಮಾಲೀಕ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುತ್ತಾನೆ, ಕೆಲವೊಮ್ಮೆ ಕೊನೆಯ ತಿಂಗಳದ್ದು ಕೊಡುವುದೇ ಇಲ್ಲ. ನೋವಿನ ಸಂಗತಿಯೆಂದರೆ ಈ ಮಾಲೀಕ ಬಹಳ ಸಲ ನಮ್ಮ ದೇಶದವನೇ, ‘ನಮ್ಮ ಹುಡುಗ’ ಎಂದು ಬೆನ್ನು ತಟ್ಟಿ ಕರೆದವನೇ. ಹುಡುಗ ದೂರು ಕೊಡುವುದಿಲ್ಲವೆಂದು ಅವನಿಗೆ ಗೊತ್ತು. ಅನುಮತಿಯಿಲ್ಲದೆ ದುಡಿದದ್ದು ಹೊರಬಿದ್ದರೆ ಸ್ಟೇಟಸ್ ಹೋಗುತ್ತದೆ. ಬೇರೆ ತಪ್ಪುಗಳಿಗೆ ಇರುವ ಮರುಸ್ಥಾಪನೆಯ ಅವಕಾಶ ಈ ತಪ್ಪಿಗೆ ಇಲ್ಲ. ಮುಂದೆ ಗ್ರೀನ್ ಕಾರ್ಡಿನ ಅರ್ಜಿಯ ಹೊತ್ತಿಗೂ ಇದು ಎದ್ದು ಕೂರಬಹುದು. ಮಾಲೀಕನ ಕೈಗೆ ಇದಕ್ಕಿಂತ ಒಳ್ಳೆಯ ಚಾಟಿ ಇನ್ನೇನು ಬೇಕು? ಸ್ಥಳೀಯರ ಕೆಲಸ ಕಾಯುವ ಉದ್ದೇಶವಾದರೂ ಈಡೇರಿತೇ ಎಂದರೆ ಅದೂ ಇಲ್ಲ. ಬಾಯಿಬಿಡಲಾಗದ ಅಗ್ಗದ ಆಳು ಸಿಗುವಾಗ ಅಮೆರಿಕನ್ನನಿಗೆ ಪೂರ್ತಿ ವೇತನ ಕೊಟ್ಟು ಇಟ್ಟುಕೊಳ್ಳುವವರು ಯಾರು?

ಇದರ ಇನ್ನೊಂದು ಕವಲು ಪಾಠದ ಬದಲು ಸಿಪಿಟಿ ಅನುಮತಿಯನ್ನೇ ಮಾರುವ ಅಂಗಡಿಗಳು. 2019ರ ಜನವರಿಯಲ್ಲಿ ಡೆಟ್ರಾಯಿಟ್ ಹತ್ತಿರದ ‘ಯೂನಿವರ್ಸಿಟಿ ಆಫ್ ಫಾರ್ಮಿಂಗ್ಟನ್’ ಪ್ರಕರಣ ಹೊರಬಿತ್ತು. ಪಾಠವಿಲ್ಲದ ಆ ವಿಶ್ವವಿದ್ಯಾಲಯವನ್ನು ಬಲೆಯಾಗಿ ನಡೆಸಿದ್ದು ಅಮೆರಿಕದ ವಲಸೆ ಜಾರಿ ಇಲಾಖೆಯೇ. ಮೊದಲ ಸುತ್ತಿನಲ್ಲಿ ಬಂಧಿತರಾದ 130 ವಿದ್ಯಾರ್ಥಿಗಳಲ್ಲಿ 129 ಜನ ಭಾರತೀಯರು. ಹೋದವರೆಲ್ಲ ಅಮಾಯಕರು ಎಂದು ನಾನು ವಾದಿಸುವುದಿಲ್ಲ. ಪಾಠವೇ ಇಲ್ಲದ ಜಾಗಕ್ಕೆ ಶುಲ್ಕ ಕಟ್ಟುವಾಗ ಅನುಮಾನ ಬರಬೇಕಿತ್ತು. ಆದರೆ ಅವರು ಅಲ್ಲಿಗೆ ಹಣ ಕಟ್ಟಿದ್ದು ಯಾತಕ್ಕೆ? ದುಡಿಯುವ ಅನುಮತಿಗೆ. ಸಾಲ ತೀರಿಸಲು ನೇರವಾದ ಸಣ್ಣ ದಾರಿಯೂ ಇಲ್ಲದ ಕಡೆ ಇಂಥ ಅಂಗಡಿಗಳಿಗೆ ಗಿರಾಕಿಗಳು ಇದ್ದೇ ಇರುತ್ತಾರೆ.

‘ಮಿತಿ ತೆಗೆದರೆ ವಿದ್ಯಾರ್ಥಿ ವೀಸಾ ಕೂಲಿ ವೀಸಾ ಆಗುತ್ತದೆ’ ಎಂಬುದು ಉಳಿದ ವಾದ. ಕೇವಲ ಓದಿಗಾಗಿ ಬರುವವನೇ ವಿದ್ಯಾರ್ಥಿ ಎಂದು 1952ರ ವಲಸೆ ಕಾನೂನೇ ಹೇಳುತ್ತದೆ, ನಿಜ. ಈ ಭಯವನ್ನು ನಾನು ಗೌರವಿಸುತ್ತೇನೆ, ಏಕೆಂದರೆ ಇದು ಪ್ರಾಮಾಣಿಕವಾದದ್ದು: ‘ನಮ್ಮ ಕೆಲಸಗಳು ನಮ್ಮವರಿಗಿರಲಿ’ ಎಂದು ನೇರವಾಗಿ ಹೇಳುತ್ತದೆ, ಓದಿನ ಪಿಳ್ಳೆ ನೆವ ಹುಡುಕುವುದಿಲ್ಲ. ಹಾಗಿದ್ದರೆ ಚರ್ಚೆ ಆ ನೆಲದ ಮೇಲೇ ನಡೆಯಲಿ. ಪೂರ್ಣ ಕೋರ್ಸು ತೆಗೆದುಕೊಂಡು ಅಂಕ ಉಳಿಸಿಕೊಂಡವರಿಗೆ ಕ್ಯಾಂಪಸ್ಸಿನೊಳಗೆ ಎಷ್ಟು ಗಂಟೆ ಎಂಬುದನ್ನು, ಕೆನಡಾದಂತೆ, ವಲಸೆ ಕಾನೂನು ಹೇಳದಿರಲಿ. ಹಣದ ಕಷ್ಟಕ್ಕೆ ಸಿಲುಕಿದವರಿಗೆ ಕೊಡುವ ಅನುಮತಿಗೆ ಒಂದು ವರ್ಷದ ಕಾಯುವಿಕೆ ಬೇಡ. ಕೂಲಿ ಕಳೆದುಕೊಂಡವನು ದೂರು ಕೊಟ್ಟರೆ ಅವನ ವೀಸಾ ತಕ್ಷಣ ಹೋಗದಿರಲಿ. ಇವು ಯಾವುವೂ ಅಮೆರಿಕವನ್ನು ಮುಳುಗಿಸುವ ಬೇಡಿಕೆಗಳಲ್ಲ. ಕಾನೂನು ಬದಲಾಗುವವರೆಗೆ ಅದನ್ನು ಪಾಲಿಸಲೇಬೇಕು ಎಂಬುದರಲ್ಲೂ ನನಗೆ ಎರಡು ಮಾತಿಲ್ಲ, ಈಗಿನ ವಾತಾವರಣದಲ್ಲಂತೂ ಒಂದು ಗಂಟೆಯ ಧೈರ್ಯವನ್ನೂ ಯಾರೂ ಮಾಡಬಾರದು. 2025ರ ವಸಂತದಲ್ಲಿ ಸಾವಿರಾರು ವಿದೇಶಿ ವಿದ್ಯಾರ್ಥಿಗಳ ಸೆವಿಸ್ ದಾಖಲೆಗಳು (ಅವರ ಬಗ್ಗೆ ಸರ್ಕಾರ ಇಡುವ ದಾಖಲೆಗಳು), ಎಷ್ಟೋ ಪ್ರಕರಣಗಳಲ್ಲಿ ಸಣ್ಣ ಕಾರಣಕ್ಕೆ, ರಾತ್ರೋರಾತ್ರಿ ರದ್ದಾಗಿ, ಕೋರ್ಟುಗಳ ಬಾಗಿಲು ತಟ್ಟಿದ ಮೇಲೆ ಮರಳಿದ್ದನ್ನು ನೋಡಿದ್ದೇವೆ.

ಎಂಬತ್ತರ ದಶಕದ ದೊಡ್ಡಪ್ಪಂದಿರಿಗೂ ಒಂದು ಮಾತು. ನಿಮ್ಮಲ್ಲಿ ಬಹಳಷ್ಟು ಜನ ಅಸಿಸ್ಟೆಂಟ್‌ಶಿಪ್ ಸಿಕ್ಕಿದ್ದಕ್ಕೇ ಹೋದವರು. ಅದಿಲ್ಲದಿದ್ದರೆ ಮನೆಯವರು ವಿಮಾನದ ಟಿಕೆಟ್ಟನ್ನೂ ಕೊಳ್ಳಲಾಗುತ್ತಿರಲಿಲ್ಲ. ಇಂದಿನ ಎಂಎಸ್ ವಿದ್ಯಾರ್ಥಿ ಪೂರ್ತಿ ಶುಲ್ಕ ತೆರುವ ಗಿರಾಕಿ. 2023–24ರಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 3,31,602. ಇವರಲ್ಲಿ ಶುಲ್ಕ ಕಟ್ಟುವವರ ಹಣದ ಮೇಲೆ ಎಷ್ಟೋ ವಿಭಾಗಗಳು ನಡೆಯುತ್ತಿವೆ. ‘ನಾವು ಮ್ಯಾಗಿ ತಿಂದು ಓದಲಿಲ್ವಾ?’ ಎಂದು ಇವರೆದುರು ಹೇಳುವ ಮುಂಚೆ ನಿಮ್ಮ ಶುಲ್ಕ ಯಾರು ಕಟ್ಟಿದರೆಂದು ನೆನಪಿಸಿಕೊಳ್ಳಿ.

ಕಳಿಸುವ ಮನೆಯವರು ಖರ್ಚಿನ ಪಟ್ಟಿಯಲ್ಲಿ ಕ್ಯಾಂಪಸ್ ಜಾಬಿನ ಎದುರು ಸೊನ್ನೆ ಬರೆದುಕೊಂಡು ಲೆಕ್ಕ ಹಾಕಲಿ, ಡಾಲರಿಗೆ ಇಂದಿನ ದರಕ್ಕಿಂತ ಹತ್ತು ರೂಪಾಯಿ ಹೆಚ್ಚೇ ಹಿಡಿಯಲಿ. ಆಗಲೂ ಕೂಡಿಬಂದರೆ ಕಳಿಸಲಿ. ಅಲ್ಲಿನ ಕನ್ನಡ ಕೂಟಗಳು ಮಾಡಬಹುದಾದದ್ದೂ ಇದೆ. ರಾಜ್ಯೋತ್ಸವ, ಯುಗಾದಿ ಬಂದರೆ ಕುರ್ಚಿ ಹೊರಲು, ಊಟ ಬಡಿಸಲು ಇದೇ ಎಂಎಸ್ ಹುಡುಗ ಹುಡುಗಿಯರು ಬೇಕಾಗುತ್ತಾರೆ. ಅವರ ಕೂಲಿ ಮುಳುಗಿದಾಗ ಕೂಟಗಳೂ ಅವರ ನೆರವಿಗೆ ಬರಲಿ. ಅಮೆರಿಕದಲ್ಲಿ ದುಡಿದವರ ವೀಸಾ ಯಾವುದೇ ಇರಲಿ, ದುಡಿದ ಗಂಟೆಗಳಿಗೆ ಕನಿಷ್ಠ ವೇತನ ಕೊಡಲೇಬೇಕೆಂಬ ಕಾನೂನಿದೆ. ಅದನ್ನು ತಮ್ಮ ವೀಸಾಕ್ಕೆ ಕುತ್ತು ತಂದುಕೊಳ್ಳದೆ ಪಡೆಯುವುದು ಹೇಗೆಂದು ವಕೀಲರು ಮಾತ್ರ ಹೇಳಬಲ್ಲರು. ಕಾರ್ಯಕ್ರಮದ ಒಂದು ಮಧ್ಯಾಹ್ನ ಹಾಸ್ಯೋತ್ಸವವನ್ನು ಬಿಟ್ಟು ವಲಸೆ ಕಾನೂನು ಮತ್ತು ಕಾರ್ಮಿಕ ಕಾನೂನು ಬಲ್ಲ ಒಬ್ಬ ವಕೀಲರನ್ನು ಕರೆಸಿ ಕೂರಿಸಿ. ವಿದ್ಯಾರ್ಥಿಗಳಿಗೆ ಪ್ರವೇಶ ಉಚಿತವಿರಲಿ, ಗ್ಯಾಸ್ ಸ್ಟೇಷನ್ ಮಾಲೀಕರ ಪ್ರಾಯೋಜಕತ್ವ ಬೇಡ.